ಅನ್ನದ ತಪೇಲಿ ರಸ್ತೆ ದಾಟಿದ ವರ್ಷ

ಆಡಿಟರ್ ಆಫೀಸಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಆಗೊಮ್ಮೆ ಈಗೊಮ್ಮೆ ಹಟ್ಟಿಕೇರಿಯ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತ, ಈ ಕೆಲಸದಲ್ಲಿ ಮೊದಲು ಏನು ಕಲಿಯಬೇಕು ಎಂದು ಕೇಳುತ್ತಾರೆ. ಬಿಲ್ಲು ಓದುವುದನ್ನು ಕಲಿಯಿರಿ ಅನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಇಷ್ಟು ದೂರ ಬಸ್ಸಿನಲ್ಲಿ ನಿಂತು ಬಂದದ್ದಕ್ಕೆ ಮುದುಕ ಇಷ್ಟೇ ಹೇಳಿದನಲ್ಲ ಅಂದುಕೊಳ್ಳುತ್ತಾರೆ. ಬಿಲ್ಲು ಓದಲು ಬಾರದವರೂ ಇರುತ್ತಾರೆಯೇ ಎಂದು ಅವರ ಅನುಮಾನ. ಇರುತ್ತಾರೆ. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿದ ಮೇಲೂ ನಾನೇ ಹಾಗಿದ್ದೆ. ಅದರಿಂದ ಹಾರವಾಡದ ಒಬ್ಬ ಹೆಂಗಸಿನ ಒಲೆ ಆರುವುದರಲ್ಲಿತ್ತು. ಬಾಯಲ್ಲಿ ಹೇಳುವಾಗ ಈ ಸಂಗತಿಯನ್ನು ಸ್ವಲ್ಪ ಮುಚ್ಚಿಟ್ಟು ಹೇಳುತ್ತ ಬಂದಿದ್ದೇನೆ. ಬರೆಯುವಾಗಲಾದರೂ ಮುಚ್ಚಿಡಬಾರದು ಎಂದುಕೊಂಡು ಕೂತಿದ್ದೇನೆ.

ನಾನು ಸಿ.ಎ. ಓದಿದವನಲ್ಲ. ಅಂಕೋಲೆಯಲ್ಲಿ ಬಿ.ಕಾಂ. ಮುಗಿಸಿ ಕಾರವಾರದ ಕಾಮತ್ ಸರ್ ಅವರ ಆಡಿಟರ್ ಆಫೀಸಿಗೆ ಗುಮಾಸ್ತನಾಗಿ ಸೇರಿದೆ, ಗುಮಾಸ್ತನಾಗಿಯೇ ನಿವೃತ್ತನಾದೆ. ಬಡ್ತಿಯ ಕಥೆ ಕೇಳುವವರಿಗೆ ನನ್ನಲ್ಲಿ ಏನೂ ಇಲ್ಲ. ಆ ಆಫೀಸಿನಲ್ಲಿ ಬಡ್ತಿ ಕೊಡಬೇಕೆಂದರೂ ಮೇಲೆ ಇದ್ದದ್ದು ಒಂದೇ ಕುರ್ಚಿ, ಅದರಲ್ಲಿ ಸರ್ ಕೂತಿದ್ದರು. ನಮ್ಮ ಗಿರಾಕಿಗಳು ದೊಡ್ಡವರೇನಲ್ಲ. ನೌಕಾನೆಲೆಯ ಕೆಲಸದಲ್ಲಿ ಸಣ್ಣಪುಟ್ಟ ಗುತ್ತಿಗೆ ಹಿಡಿದವರು, ಮೀನು ಸಾಗಿಸುವವರು, ಎರಡು ಮೂರು ಲಾಡ್ಜು, ಒಂದೆರಡು ಐಸ್ ಕಾರ್ಖಾನೆ. ಅವರು ವರ್ಷದ ಬಿಲ್ಲುಗಳನ್ನು ಸಿಮೆಂಟಿನ ಖಾಲಿ ಚೀಲದಲ್ಲಿ ತುಂಬಿ ತಂದು ನನ್ನ ಮೇಜಿನ ಪಕ್ಕ ಸುರಿಯುತ್ತಿದ್ದರು. ಕೆಲವು ಬಿಲ್ಲುಗಳಿಂದ ಮೀನಿನ ವಾಸನೆ ಬರುತ್ತಿತ್ತು. ಆ ವಾಸನೆಯ ಮೇಲೆಯೇ ಯಾರ ಬಿಲ್ಲು ಎಂದು ಹೇಳುವಷ್ಟು ಪರಿಣತನಾಗಿದ್ದೆ.

ಕಾಮತ್ ಸರ್ ಬೈಯುವವರಲ್ಲ. ತಪ್ಪು ಕಂಡರೆ ಅದರ ಪಕ್ಕ ಪೆನ್ಸಿಲಿನಿಂದ ಒಂದು ಪ್ರಶ್ನೆಯ ಗುರುತು ಹಾಕಿ ಫೈಲು ವಾಪಸ್ ಕಳಿಸುತ್ತಿದ್ದರು. ಏನು ತಪ್ಪು ಎಂದು ಹೇಳುತ್ತಿರಲಿಲ್ಲ. ಹುಡುಕಿಕೊಳ್ಳಬೇಕಾದದ್ದು ನಾನು. ಮೊದಮೊದಲು ನನಗೆ ಆ ಗುರುತು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಇವರಿಗೆ ಗೊತ್ತಿದೆ ತಾನೇ, ಹೇಳಿಬಿಟ್ಟರೆ ಬಾಯಿ ಸವೆಯುತ್ತದೆಯೇ ಎಂದು ಗೊಣಗುತ್ತಿದ್ದೆ. ನನಗೆ ಬಂದ ವಿದ್ಯೆಯೆಲ್ಲ ಆ ಪೆನ್ಸಿಲ್ ಗುರುತುಗಳಿಂದ ಬಂದದ್ದು ಎಂದು ಈಗ ಹೇಳಬಲ್ಲೆ. ಅವರಿಲ್ಲದ ಈ ದಿನಗಳಲ್ಲಿ ನೆನೆದರೆ ಕಣ್ಣು ಒದ್ದೆಯಾಗುತ್ತದೆ.

ಸಣ್ಣ ಕಂಪನಿಗಳ ಲೆಕ್ಕದಲ್ಲಿ ಅತ್ಯಂತ ರುಚಿಯಾದ ಭಾಗ ಅತಿಥಿ ಸತ್ಕಾರದ ಖರ್ಚು. ವ್ಯಾಪಾರಕ್ಕಾಗಿ ಬಂದವರಿಗೆ ಊಟ ಹಾಕಿಸಿದ್ದು, ಚಹಾ ಕುಡಿಸಿದ್ದು, ಹಬ್ಬಕ್ಕೆ ಸಿಹಿ ಹಂಚಿದ್ದು, ಎಲ್ಲ ಅದರಲ್ಲಿ. ನಾನು ಸೇರಿದ ಕಾಲದಲ್ಲಿ ಇದಕ್ಕೊಂದು ಮಿತಿಯಿತ್ತು. ಮಿತಿ ದಾಟಿದ ಭಾಗವನ್ನು ಇಲಾಖೆ ಖರ್ಚೆಂದು ಒಪ್ಪುತ್ತಿರಲಿಲ್ಲ. ಆಮೇಲೆ ಆ ಮಿತಿಯನ್ನು ತೆಗೆದರು. ಮಿತಿ ಹೋದದ್ದೇ ತಡ, ನಮ್ಮ ಗಿರಾಕಿಗಳಿಗೆಲ್ಲ ಅತಿಥಿಗಳು ಹೆಚ್ಚಾದರು. ಒಬ್ಬ ಗುತ್ತಿಗೆದಾರರು ಗೋವೆ ಗಡಿಯಾಚೆಯ ಹೋಟೆಲಿನ ಬಿಲ್ಲು ತಂದಿದ್ದರು. ಒಂದೇ ಸಂಜೆಗೆ ಮೂರು ಸಾವಿರ ರೂಪಾಯಿಯ ಜೀರಾ ಸೋಡಾ. ನಾನು ಕಣ್ಣು ಮುಚ್ಚಿ ಬರೆದುಕೊಂಡೆ. ಕಾಮತ್ ಸರ್ ಆ ಬಿಲ್ಲನ್ನು ಹಿಡಿದು ಗುತ್ತಿಗೆದಾರರನ್ನು ಒಳಗೆ ಕರೆದು, ಬಹಳ ಕಾಳಜಿಯಿಂದ, "ಇಷ್ಟು ಸೋಡಾ ಕುಡಿದವರು ಆರೋಗ್ಯವಾಗಿದ್ದಾರಾ?" ಎಂದು ಕೇಳಿದರು. ಆ ಬಿಲ್ಲು ವಾಪಸ್ ಹೋಯಿತು. ಅವತ್ತೂ ನನ್ನ ಲೆಡ್ಜರಿನಲ್ಲಿ ಪೆನ್ಸಿಲ್ ಗುರುತು ಬಿತ್ತು.

ಎರಡು ಸಾವಿರದ ಐದರ ಬಜೆಟ್ಟಿನಲ್ಲಿ ಹೊಸ ತೆರಿಗೆಯೊಂದು ಬಂತು. ಹೆಸರು ಫ್ರಿಂಜ್ ಬೆನಿಫಿಟ್ ಟ್ಯಾಕ್ಸ್, ಎಲ್ಲರೂ ಅದನ್ನು ಎಫ್‌ಬಿಟಿ ಅನ್ನುತ್ತಿದ್ದರು. ಕಂಪನಿಯಾಗಲಿ ಪಾಲುದಾರಿಕೆಯ ಸಂಸ್ಥೆಯಾಗಲಿ ಊಟ, ಸತ್ಕಾರ ಎಂದು ಮಾಡಿದ ಖರ್ಚಿನಲ್ಲಿ ಐದನೇ ಒಂದು ಪಾಲನ್ನು ಬೇರೆ ತೆಗೆದು, ಆ ಪಾಲಿನ ಮೇಲೆ ತೆರಿಗೆ ಕಟ್ಟಬೇಕು. ಹಬ್ಬದ ಖರ್ಚಾದರೆ ಅರ್ಧ ಪಾಲು. ಲಾಭವಾಗಲಿ ನಷ್ಟವಾಗಲಿ, ಕಟ್ಟುವುದು ಕಟ್ಟಲೇಬೇಕು. ಒಬ್ಬನೇ ಮಾಲಕ ತನ್ನ ಹೆಸರಿನಲ್ಲಿ ನಡೆಸುವ ಅಂಗಡಿಗೆ ಮಾತ್ರ ಇದು ಇಲ್ಲ. ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಕಟ್ಟಬೇಕಾದ್ದರಿಂದ ಕೂತು ಯೋಚಿಸಲು ಪುರುಸೊತ್ತೂ ಇರಲಿಲ್ಲ.

ಅದೇ ಹೊತ್ತಿಗೆ ನಮ್ಮ ಆಫೀಸಿನಲ್ಲಿ ಕೆಂಪು ಬಟ್ಟೆಯ ಲೆಡ್ಜರುಗಳು ಹೋಗಿ ಕಂಪ್ಯೂಟರ್ ಬಂದಿತ್ತು. ಕೈಯಲ್ಲಿ ಬರೆಯುವಾಗ ಒಂದೊಂದು ಬಿಲ್ಲಿಗೂ ಖರ್ಚಿನ ತಲೆಬರಹವನ್ನು ಪೂರ್ತಿ ಬರೆಯಬೇಕಿತ್ತು. ಬರೆಯುವಷ್ಟು ಹೊತ್ತು ಬಿಲ್ಲು ಕಣ್ಣ ಮುಂದೆ ಇರುತ್ತಿತ್ತು. ಕಂಪ್ಯೂಟರಿನಲ್ಲಿ ಎಂಟರ್ ಒತ್ತಿದರೆ ಹಿಂದಿನ ತಲೆಬರಹವೇ ಬಂದು ಕೂರುತ್ತದೆ. ನಾನು ಎಂಟರ್ ಒತ್ತುವುದರಲ್ಲಿ ಬಲು ಚುರುಕಾದೆ. ಊಟ ಎಂದು ಎಲ್ಲೆಲ್ಲಿ ಬರೆದಿತ್ತೋ ಅದೆಲ್ಲ ಸತ್ಕಾರಕ್ಕೆ ಹೋಯಿತು. ಒಂದು ವಾರದ ಕೆಲಸ ಎರಡು ದಿನದಲ್ಲಿ ಮುಗಿಯುತ್ತಿದೆ ಎಂದು ಮನೆಯಲ್ಲಿ ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡದ್ದೂ ಉಂಟು.

ಆ ಊಟದ ಬಿಲ್ಲುಗಳಲ್ಲಿ ಹೆಚ್ಚಿನವು ಹಾರವಾಡದ ಒಂದು ಐಸ್ ಕಾರ್ಖಾನೆಯವು. ಮೀನು ಕೆಡದಂತೆ ಇಡಲು ಬೋಟಿನವರಿಗೆ, ಲಾರಿಯವರಿಗೆ ಮಂಜುಗಡ್ಡೆ ಮಾಡಿ ಮಾರುವ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ. ಅದನ್ನು ನಡೆಸುತ್ತಿದ್ದವರು ಶೇಟರು. ಬಾಯಿ ಜೋರು, ಮನಸ್ಸು ಒಳ್ಳೆಯದು. ಇಪ್ಪತ್ತಾರು ಜನ ಕೆಲಸದವರಿಗೆ ಮಧ್ಯಾಹ್ನದ ಊಟ ಕಂಪನಿಯ ಲೆಕ್ಕದಲ್ಲಿ ಎಂದು ಶುರುವಿನಿಂದಲೇ ಇಟ್ಟುಕೊಂಡು ಬಂದಿದ್ದರು. ಊಟ ಹಾಕುತ್ತಿದ್ದವಳು ಕಾರ್ಖಾನೆಯ ಎದುರಿಗೆ, ರಸ್ತೆಯ ಆಚೆ ಬದಿ, ಶೀಟು ಹೊದೆಸಿದ ಮಾಡಿನಲ್ಲಿ ಖಾನಾವಳಿ ನಡೆಸುತ್ತಿದ್ದ ಗುಲಾಬಕ್ಕ. ಮೊದಲು ಅವಳು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಅವರ್ಸೆ, ಹಟ್ಟಿಕೇರಿ ಕಡೆ ಮನೆಮನೆಗೆ ಮಾರುತ್ತಿದ್ದಳಂತೆ. ಮೊಣಕಾಲು ಕೈಕೊಟ್ಟ ಮೇಲೆ ಶೇಟರೇ, ಬುಟ್ಟಿ ಬಿಡು, ಒಲೆ ಹಚ್ಚು ಎಂದು ಹೇಳಿ ಈ ಊಟದ ಕೆಲಸ ಕೊಟ್ಟಿದ್ದರು. ಕಾರ್ಖಾನೆಯ ಕಾಗದ ಪತ್ರ ನೋಡಲು ಹೋದಾಗಲೆಲ್ಲ ನಾನೂ ಅಲ್ಲೇ ಉಣ್ಣುತ್ತಿದ್ದೆ. ಕುಚ್ಚಕ್ಕಿ ಅನ್ನ, ತಾರ್ಲೆ ಮೀನಿನ ಸಾರು, ಕುಡಿಯಲು ಒಂದು ಲೋಟ ಮುರುಗಲು ಹುಳಿಯ ಸೋಲಕಡಿ. ಕಾರವಾರದ ಯಾವ ಹೋಟೆಲಿನಲ್ಲೂ ಅಂಥ ಊಟ ಸಿಗುತ್ತಿರಲಿಲ್ಲ.

ಸೆಪ್ಟೆಂಬರಿನ ಮುಂಗಡ ತೆರಿಗೆಯ ಚಲನ್ ಬರೆದು ಕಳಿಸಿದಾಗ ಶೇಟರು ಸ್ವತಃ ಆಫೀಸಿಗೆ ಬಂದರು. ಸರ್ ಊರಲ್ಲಿರಲಿಲ್ಲ.

"ಎಂತ ಮಾರಾಯ್ರೆ ಇದು ನಾಯ್ಕ್ರೆ? ನಮ್ ಕೆಲ್ಸದವ್ರಿಗೆ ನಾನು ಅನ್ನ ಹಾಕ್ದ್ರೆ ಸರ್ಕಾರಕ್ಕೆ ಎಂತಕ್ಕೆ ದುಡ್ಡು ಕೊಡೂದು?"

"ಕಾನೂನು ಹಾಂಗದೆ ಶೇಟ್ರೆ."

"ಆಚೆ ಐಸ್ ಪ್ಲಾಂಟಿನವ ಒಬ್ನೇ ಮಾಲಕ. ಅವ್ನಿಗೆ ಇದೆಲ್ಲ ಇಲ್ಲ. ಕಂಪನಿ ಮಾಡಿ ನಾನೇ ಮಳ್ಳ ಆದೆ ಹಂಗಾರೆ. ಇದನ್ನ ತಪ್ಸೂಕೆ ದಾರಿ ಏನಾದ್ರೂ ಅದ್ಯಾ?"

"ಇಲ್ಲ. ಏನೂ ಮಾಡೂಕೆ ಬರೂದಿಲ್ಲ" ಎಂದೆ.

ಆ ಮಾತನ್ನು ನಾನು ಪುಸ್ತಕ ತೆರೆಯದೆ ಹೇಳಿದೆ. ಕಂಪ್ಯೂಟರಿನ ಪರದೆ ನೋಡುತ್ತ, ಮುಂದಿನ ಬಿಲ್ಲಿಗೆ ಎಂಟರ್ ಒತ್ತುತ್ತ ಹೇಳಿದೆ. ಶೇಟರು ಛತ್ರಿ ಕೊಡವಿಕೊಂಡು ಇಳಿದು ಹೋದರು. ನನಗೆ ಅದೊಂದು ದೊಡ್ಡ ಸಂಗತಿ ಎಂದೇ ಅನ್ನಿಸಲಿಲ್ಲ.

ಹತ್ತು ದಿನ ಕಳೆದು ಹಾರವಾಡಕ್ಕೆ ಹೋದೆ. ಮಧ್ಯಾಹ್ನ ಗುಲಾಬಕ್ಕನ ಖಾನಾವಳಿಯಲ್ಲಿ ತಾಟಿನ ಮುಂದೆ ಕೂತೆ. ಕೆಲಸದವರೆಲ್ಲ ಉಂಡು ಎದ್ದಿದ್ದರು. ಅವಳು ಅನ್ನ ಬಡಿಸಿ, ಸಾರಿನ ಸೌಟು ಕೈಯಲ್ಲೇ ಹಿಡಿದು ನಿಂತಳು.

"ಬರೂ ಒಂದನೇ ತಾರೀಕಿಂದ ಊಟ ಬಂದ್ ಅಂತೆ ನಾಯ್ಕ್ರೆ. ಊಟಕ್ಕೆ ತೆರಿಗೆ ಬಿದ್ದದೆ, ಇನ್ನು ಎಲ್ರ ಕೈಯಲ್ಲೂ ದಿವ್ಸಕ್ಕೆ ಇಷ್ಟು ಅಂತ ದುಡ್ಡು ಕೊಡ್ತೆ ಅಂದ್ರು ಶೇಟ್ರು. ಖರೇನಾ?"

"ತೆರಿಗೆ ಬಂದದ್ದು ಖರೆ" ಎಂದೆ.

"ಅವ್ರೆಲ್ಲ ದುಡ್ಡು ಕಿಸೆಗೆ ಹಾಕ್ಕಂಡು ಮನೆಯಿಂದ ಡಬ್ಬಿ ತತ್ರು. ಯಾರು ಬಿಡ್ತ್ರು? ಇಪ್ಪತ್ತಾರು ತಾಟು ಹೋದ್ಮೇಲೆ ನಂಗೆ ಉಳಿಯೂದು ಎಂತ? ಬಸ್ಸಿಗೆ ಕಾಯೂರು ನಾಕು ಜನ ಬತ್ರು. ನಾಕು ಜನಕ್ಕೆ ಒಲೆ ಹಚ್ಚೂಕಾತದ್ಯಾ? ಮತ್ತೆ ಬುಟ್ಟಿ ಹೊರೂಕೇ ಹೋಗ್ಬೇಕು. ಈ ಕಾಲು ತಕಂಡು ಎಷ್ಟು ದೂರ ಹೋಗ್ಲಿ, ನೀವೇ ಹೇಳಿ."

ಅವಳು ಅಳಲಿಲ್ಲ. ಅತ್ತಿದ್ದರೆ ಏನಾದರೂ ಸಮಾಧಾನ ಹೇಳಿ ಎದ್ದು ಬರಬಹುದಿತ್ತು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವವರಂತೆ ನಿಂತೇ ಇದ್ದಳು. ದಾರಿ ಇಲ್ಲ ಎಂದು ಶೇಟರಿಗೆ ಹೇಳಿದವನು ನಾನೇ. ಆ ಮಾತನ್ನು ಅವಳ ಮುಂದೆ ಹೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆದವನೇ ಕಾನೂನಿನ ಪುಸ್ತಕ ತೆಗೆದೆ. ಸತ್ಕಾರದ ಕಲಮನ್ನು ನಾನು ಓದಿರಲಿಲ್ಲ ಎಂದಲ್ಲ. ಅದರ ಮೊದಲ ನಾಲ್ಕು ಸಾಲು ಓದಿ, ಗೊತ್ತಾಯಿತು ಎಂದು ಮುಚ್ಚಿಟ್ಟಿದ್ದೆ. ಐದನೆಯ ಸಾಲಿನಿಂದ, ಯಾವುದು ಇದರಲ್ಲಿ ಸೇರುವುದಿಲ್ಲ ಎಂಬುದು ಶುರುವಾಗುತ್ತಿತ್ತು. ಮಾಲಕರು ತಮ್ಮ ನೌಕರರಿಗೆ ಕಚೇರಿಯಲ್ಲಿ ಅಥವಾ ಕಾರ್ಖಾನೆಯಲ್ಲಿ ಕೊಡುವ ಊಟ ತಿಂಡಿಯ ಖರ್ಚು ಸೇರುವುದಿಲ್ಲ ಎಂದು ಅಲ್ಲಿ ಸ್ಪಷ್ಟವಾಗಿ ಇತ್ತು. ಸರ್ ಬಂದು ಕೋಟು ಕಳಚುವ ಮೊದಲೇ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟು ನಡೆದದ್ದನ್ನೆಲ್ಲ ಹೇಳಿದೆ.

ಅವರು ಓದಿದರು. ಕನ್ನಡಕ ತೆಗೆದರು.

"ಕೆಲಸದವರು ಉಣ್ಣೂದು ಎಲ್ಲಿ?"

"ಗುಲಾಬಕ್ಕನಲ್ಲಿ."

"ಅದು ಕಾರ್ಖಾನೆಯಾ?"

"ಅಲ್ಲ ಸರ್. ಎದುರಿಗೆ. ನಡುವೆ ರಸ್ತೆ ಇದೆ. ಹತ್ತು ಹೆಜ್ಜೆ."

"ಹಾಗಾದ್ರೆ ಇಷ್ಟು ದಿನ ತೆರಿಗೆ ಹಾಕಿದ್ದು ತಪ್ಪಲ್ಲ. ದಾರಿ ಇಲ್ಲ ಅಂತ ಹೇಳಿದ್ಯಲ್ಲ, ಅದು ತಪ್ಪು. ಹತ್ತು ಹೆಜ್ಜೆ ದಾರಿ ಇತ್ತು ನಾಯಕ."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅಷ್ಟು ವರ್ಷದಲ್ಲಿ ಅವರು ತಾವಾಗಿ ಬಿಡಿಸಿ ಹೇಳಿದ್ದು ಅದೊಂದೇ ಸಲ ಇರಬೇಕು. ಕೆಲಸದವರು ರಸ್ತೆ ದಾಟಿ ಹೋಗಿ ಉಂಡರೆ ತೆರಿಗೆ ಇದೆ. ಊಟವೇ ರಸ್ತೆ ದಾಟಿ ಕಾರ್ಖಾನೆಯ ಒಳಗೆ ಬಂದರೆ ಇಲ್ಲ. ಬೇರೆಯವರಿಗೆ ಕೊಡಲಾಗದ ಕೂಪನ್ ಛಾಪಿಸಿ ಹಂಚುವ ಇನ್ನೊಂದು ದಾರಿಯೂ ಪುಸ್ತಕದಲ್ಲಿತ್ತು. ಹಾರವಾಡಕ್ಕೆ ಕೂಪನ್ ಛಾಪಿಸುವುದಕ್ಕಿಂತ ಅನ್ನದ ತಪೇಲಿ ದಾಟಿಸುವುದು ಸುಲಭ ಎಂದರು. ಹೊರಗಿನ ಅತಿಥಿಗಳ ಊಟಕ್ಕೆ ಮಾತ್ರ ಬೇರೆ ಬಿಲ್ಲು ಮಾಡಿಸಬೇಕು, ಅದಕ್ಕೆ ತೆರಿಗೆ ಕಟ್ಟಲೇಬೇಕು. ಹಿಂದಿನ ಆರು ತಿಂಗಳಿನದು ಹೋಯಿತು, ಅದನ್ನು ವಾಪಸ್ ಕೇಳುವುದು ಬೇಡ ಎಂದೂ ಹೇಳಿದರು.

"ಶೇಟರಿಗೆ ನಾನು ಫೋನ್ ಮಾಡೂದಿಲ್ಲ. ನೀನೇ ಹೋಗಿ ಹೇಳು" ಎಂದರು. ನಾನು ಬಾಗಿಲ ತನಕ ಹೋದ ಮೇಲೆ ಕರೆದು, ಆಡಿಟರ್ ಸಲಹೆಯಂತೆ ಹೀಗೆ ಮಾಡತಕ್ಕದ್ದು ಎಂದು ತಮ್ಮ ಸಹಿ ಹಾಕಿದ ಪತ್ರವೊಂದನ್ನು ಕೈಗೆ ಕೊಟ್ಟರು. ಮುಂದೆ ಏನಾದರೂ ಎಡವಟ್ಟಾದರೆ ಅದು ಅವರ ತಲೆಗೆ ಬರಲಿ, ನನ್ನ ತಲೆಗೆ ಬೇಡ ಎಂದು. ಆ ಕಾಗದದ ಬೆಲೆ ನನಗೆ ಅವತ್ತಿಗಿಂತ ಇವತ್ತು ಹೆಚ್ಚು ಗೊತ್ತು.

ಹಾರವಾಡಕ್ಕೆ ಹೋಗಿ ತಪ್ಪು ಒಪ್ಪಿಕೊಂಡೆ. ಶೇಟರು ಮಾತ್ರ ಬೈದರು. ಮನಸ್ಸು ತೃಪ್ತಿಯಾಗುವಷ್ಟು ಬೈದರು.

"ನಿಮ್ ಒಂದು ಮಾತಿಗೆ ನಾನು ಆ ಹೆಂಗ್ಸಿನ ಹೊಟ್ಟೆ ಮೇಲೆ ಹೊಡೀತಿದ್ದೆ ಅಲ್ಲೋ ನಾಯ್ಕ್ರೆ! ಪುಸ್ತಕ ಓದೂಕೆ ನಿಮ್ಗೆ ಪುರುಸೊತ್ತಿಲ್ಲ ಅಂದ್ರೆ ನಂಗೆ ಕೊಡಿ, ನಾನೇ ಓದ್ತೆ."

ನಾನು ತಲೆ ತಗ್ಗಿಸಿ ನಿಂತೆ. ಬೈದು ಮುಗಿದ ಮೇಲೆ ಅವರೇ ನನ್ನ ಕೈಹಿಡಿದು ಕಾರ್ಖಾನೆಯೆಲ್ಲ ಸುತ್ತಿಸಿ ಊಟಕ್ಕೆ ಜಾಗ ಹುಡುಕಿದರು.

ಗುಲಾಬಕ್ಕ ಮೊದಲು ಒಪ್ಪಲಿಲ್ಲ. ಐಸಿನ ಥಂಡಿಯಲ್ಲಿ ಅನ್ನ ಬಡಿಸುವಷ್ಟರಲ್ಲಿ ಕಲ್ಲಾಗುತ್ತದೆ, ಥಂಡಿ ಅನ್ನ ಹಾಕಿದಳು ಎಂಬ ಹೆಸರು ತನಗೆ ಬೇಡ ಎಂದಳು. ಅದು ಸರಿಯಾದ ಮಾತೇ. ಕೊನೆಗೆ ಯಂತ್ರದ ಕೋಣೆಯ ಪಕ್ಕದ ಜಗುಲಿ ಗೊತ್ತಾಯಿತು. ಅಲ್ಲಿ ಯಂತ್ರದ ಬಿಸಿಗೆ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಆ ಗೋಡೆಗೆ ಅಂಗೈ ಒತ್ತಿ ನೋಡಿ, "ಇಲ್ಲಿ ಅಡ್ಡಿಲ್ಲ" ಎಂದಳು. ಅಕ್ಟೋಬರ್ ಒಂದರಂದು ಇಬ್ಬರು ಕೆಲಸದವರು ಎರಡೂ ಕಿವಿ ಹಿಡಿದು ಅನ್ನದ ತಪೇಲಿಯನ್ನು ರಸ್ತೆ ದಾಟಿಸಿದರು. ಹಿಂದೆ ಸಾರಿನ ಕೊಳಗ, ಅದರ ಹಿಂದೆ ಸೌಟು ಹಿಡಿದ ಗುಲಾಬಕ್ಕ. ಒಂದು ಆಟೋ ನಿಂತು ದಾರಿ ಬಿಟ್ಟಿತು.

ಆ ವಾರವೇ ನಾನು ಅವಳ ಒಲೆಯ ಮುಂದೆ ಮಣೆ ಹಾಕಿ ಕೂತು ಬಿಲ್ಲು ಬರೆಯುವುದನ್ನು ಹೇಳಿಕೊಟ್ಟೆ. ನಾಲ್ಕನೇ ಇಯತ್ತೆ ಓದಿದವಳು. ಅಕ್ಷರ ದುಂಡಗಿತ್ತು, ನನ್ನ ಅಕ್ಷರಕ್ಕಿಂತ ಚೆಂದ. ಎರಡು ಪುಸ್ತಕ ಕೊಟ್ಟೆ. ಒಂದು ಕೆಲಸದವರ ಊಟಕ್ಕೆ, ಇನ್ನೊಂದು ಶೇಟರ ಅತಿಥಿಗಳಿಗೆ. ಕೇರಳದಿಂದ ಮೀನು ಕೊಳ್ಳಲು ಬರುವವರು, ಗೋವೆಯಿಂದ ಯಂತ್ರ ದುರಸ್ತಿಗೆ ಬರುವವರು, ಇವರೆಲ್ಲ ಎರಡನೇ ಪುಸ್ತಕಕ್ಕೆ. ದಿನಾ ತಾರೀಕು, ಎಷ್ಟು ತಾಟು, ಮೀನೋ ಶಿವರಾಕೋ ಎಂದು ಬರೆಯಬೇಕು. ಶಿವರಾಕ್ ಅಂದರೆ ನಮ್ಮ ಕಡೆ ಮೀನಿಲ್ಲದ ಊಟ. ಮೀನಿನ ಊಟಕ್ಕೆ ದರ ಹೆಚ್ಚಾದ್ದರಿಂದ ಅದನ್ನು ಬರೆಯದೆ ಅವಳು ಬಿಡುವವಳೂ ಅಲ್ಲ.

ಎರಡನೇ ಪುಸ್ತಕದಲ್ಲಿ ಅವಳು ತಾನಾಗಿ ಒಂದು ಸಾಲು ಸೇರಿಸಿದಳು. ಹೊರಗಿನ ಒಲೆ, ಐದು ರೂಪಾಯಿ. ಇದೇನು ಎಂದು ಕೇಳಿದೆ.

"ಸೋಮಾರ ನನ್ನ ಒಲೆ ಮೇಲೆ ಮೀನು ಏರೂದಿಲ್ಲ. ಕೇರಳದವ್ರಿಗೆ ವಾರ ಇಲ್ಲ, ಸೋಮಾರವೂ ಮೀನು ಬೇಕು. ಅವ್ರಿಗೆ ಅಂಗಳದಲ್ಲಿ ಬೇರೆ ಒಲೆ ಹಚ್ಬೇಕು, ಬೇರೆ ಕಾವ್ಲಿ ಇಡ್ಬೇಕು. ಹುರಿಯೂಕೆ ಆಚೆಮನೆ ಫಿಲೋಮಿನಾಳ ಕರೀಬೇಕು. ಅದ್ರ ಕಟ್ಟಿಗೆ ಖರ್ಚು ಯಾರು ಕೊಡ್ತ್ರು?"

"ಇದನ್ನೆಲ್ಲ ಬಿಲ್ಲಿನಲ್ಲಿ ಬರೀತ್ರೇ ಗುಲಾಬಕ್ಕಾ? ಊಟದ ದರದಲ್ಲೇ ಸೇರ್ಸಿ ಬಿಡು."

"ಒಲೆ ಬ್ಯಾರೆ, ಊಟ ಬ್ಯಾರೆ. ಸೇರ್ಸೂದು ಹ್ಯಾಂಗೆ?"

ಇವಳಿಗೆ ಲೆಕ್ಕಶಾಸ್ತ್ರ ಯಾರು ಹೇಳಿಕೊಡಬೇಕು ಎಂದು ಹಣೆ ಚಚ್ಚಿಕೊಂಡು ಬಿಟ್ಟುಬಿಟ್ಟೆ.

ಮುಂದೆ ಎರಡು ವರ್ಷ ಎಲ್ಲ ಸರಿಯಾಗಿ ನಡೆಯಿತು. ಆಮೇಲೆ ಆ ಮೊದಲ ವರ್ಷದ ಲೆಕ್ಕವನ್ನು ವಿವರವಾಗಿ ನೋಡಬೇಕಾಗಿದೆ ಎಂದು ಆದಾಯ ತೆರಿಗೆ ಇಲಾಖೆಯಿಂದ ನೋಟೀಸು ಬಂತು. ಶೇಟರು ಕಂಗಾಲಾದರು. ಇಲಾಖೆಯ ಸಾಹೇಬರು ಒಪ್ಪದಿದ್ದರೆ ಎರಡೂ ವರ್ಷದ ತೆರಿಗೆ, ಬಡ್ಡಿ, ಮೇಲೆ ದಂಡ ಬೀಳಬಹುದು.

"ಈ ಸಲ ಅವ್ರು ಬ್ಯಾಡ ಅಂದ್ರೆ ಊಟ ಬಂದ್ ನಾಯ್ಕ್ರೆ. ಮತ್ತೆ ಯಾರು ಹೇಳಿದ್ರೂ ಕೇಳೂದಿಲ್ಲ. ಗುಲಾಬಿಗೂ ಹೇಳೀದೆ" ಎಂದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ವರ್ಷ ಮೀನು ಕಡಿಮೆ, ಐಸು ಕೇಳುವವರೂ ಕಡಿಮೆ. ಗುಲಾಬಕ್ಕನ ಎರಡೂ ಪುಸ್ತಕಗಳನ್ನು ಕೈಚೀಲದಲ್ಲಿ ಹಾಕಿಕೊಂಡು ನಾನು ಕಾಮತ್ ಸರ್ ಹಿಂದೆ ಇಲಾಖೆಯ ಕಚೇರಿಗೆ ಹೋದೆ.

ಅಧಿಕಾರಿಗಳು ಧಾರವಾಡದ ಕಡೆಯವರು. ಕಾರವಾರಕ್ಕೆ ಬಂದು ಆರೇಳು ತಿಂಗಳಾಗಿತ್ತು. ಕಾಗದಗಳನ್ನು ಒಂದೊಂದಾಗಿ ತಿರುವಿದರು.

"ಏನ್ರೀ ಇದು? ಸೆಪ್ಟೆಂಬರ್ ತನಕ ಊಟಕ್ಕ ತೆರಿಗಿ ಕಟ್ಟೀರಿ, ಅಕ್ಟೋಬರ್‌ದಿಂದ ಒಮ್ಮೆಲೆ ಬಂದ್. ಮಂದಿ ಉಣ್ಣೂದು ಬಿಟ್ರೇನು?"

ಕಾಮತ್ ಸರ್ ನನ್ನ ಕಡೆ ತಿರುಗಿ, "ನಾಯಕ ಹೇಳ್ತಾನೆ ಸಾಹೇಬರೇ. ಅಲ್ಲಿ ಉಂಡವನು ಅವನು" ಎಂದರು.

ಗುಮಾಸ್ತನಿಗೆ ಹಾಗೆ ಮಾತಾಡಲು ಬಿಡುವ ಯಜಮಾನರು ಎಷ್ಟು ಜನ ಇರುತ್ತಾರೆ? ನಾನು, "ಅಕ್ಟೋಬರ್ ಒಂದರಿಂದ ಅನ್ನದ ತಪೇಲಿ ರಸ್ತೆ ದಾಟಿತು ಸಾಹೇಬರೇ" ಎಂದೆ. ಅವರು ಪೆನ್ನು ಕೆಳಗಿಟ್ಟರು. ಎಲ್ಲವನ್ನೂ ಹೇಳಿದೆ. ನಾನು ದಾರಿ ಇಲ್ಲ ಎಂದು ಹೇಳಿದ್ದರಿಂದ ಹಿಡಿದು ಜಗುಲಿಯ ಬೆಚ್ಚಗಿನ ಗೋಡೆಯ ತನಕ.

ಅವರು ಪೂರ್ತಿ ಕೇಳಿದರು. ಆದರೂ ನಂಬಲಿಲ್ಲ. "ಕಥಿ ಛಲೋ ಅದ. ಆದ್ರ ಈ ಇಪ್ಪತ್ತಾರು ತಾಟಿನೊಳಗ ವ್ಯಾಪಾರಕ್ಕ ಬಂದ ಮಂದೀದೂ ಸೇರಿಸಿಲ್ಲ ಅಂತ ನಾ ಹ್ಯಾಂಗ ನಂಬ್ಲಿ? ಅವರೂ ಕಾರ್ಖಾನಿಗೇ ಬರ್ತಾರಲ್ಲ?"

ಏನು ಮಾಡಬೇಕೆಂದು ತೋಚದೆ ಗುಲಾಬಕ್ಕನ ಎರಡೂ ಪುಸ್ತಕಗಳನ್ನು ಮೇಜಿನ ಮೇಲೆ ಅಕ್ಕಪಕ್ಕ ತೆರೆದಿಟ್ಟೆ. ಅಧಿಕಾರಿಗಳು ಬೆರಳಿಟ್ಟು ಓದತೊಡಗಿದರು. ಮೀನು, ಮೀನು, ಮೀನು, ಶಿವರಾಕ್. ಆರು ಸಾಲು ಬಿಟ್ಟು ಮತ್ತೆ ಶಿವರಾಕ್. ಅವರ ಬೆರಳು ನಿಂತಿತು. ಕಂಪ್ಯೂಟರಿನಲ್ಲಿ ಆ ವರ್ಷದ ಕ್ಯಾಲೆಂಡರ್ ತೆಗೆದು ನೋಡಿದರು.

"ಪ್ರತಿ ಸೋಮವಾರ ಇದ ಬರೀತಾಳಲ್ಲ, ಏನಿದು?"

ಆಗ ನನಗೆ ಹೊಳೆಯಿತು. ನಮ್ಮ ಕರಾವಳಿಯಲ್ಲಿ ಹೆಚ್ಚಿನವರು ಸೋಮವಾರ ಮೀನು ಮುಟ್ಟುವುದಿಲ್ಲ, ಈ ಇಪ್ಪತ್ತಾರು ಜನವೂ ಊರವರೇ, ಅದಕ್ಕೆ ಅವರ ಪುಸ್ತಕದಲ್ಲಿ ಒಂದು ಸೋಮವಾರವೂ ಮೀನಿಲ್ಲ ಎಂದೆ. ಅಧಿಕಾರಿಗಳು ಬಾಗಿಲ ಬಳಿ ನಿಂತಿದ್ದ ಜವಾನನನ್ನು ಕರೆದರು. ಅವನು ಕಾರವಾರದವನೇ, ನಿವೃತ್ತಿಗೆ ಹತ್ತಿರ ಬಂದವನು.

"ಸೋಮವಾರ ನೀ ಮೀನ ತಿಂತೀಯೇನೋ?"

ಅವನಿಗೆ ಅವಮಾನವಾದಂತಾಯಿತು. "ಛೇ ಛೇ, ಎಂತ ಸಾಯೇಬ್ರೆ! ಸೋಮಾರ ನಮ್ಮನೇಲಿ ಮೀನಿನ ಕತ್ತಿಯನ್ನೂ ತೆಗೆಯೂದಿಲ್ಲ" ಎಂದ.

ಅಧಿಕಾರಿಗಳು ನಕ್ಕು ಎರಡನೇ ಪುಸ್ತಕ ಎಳೆದುಕೊಂಡರು. ಅಲ್ಲಿ ಸೋಮವಾರಗಳಂದು ಮೀನು ಇತ್ತು. ಪ್ರತಿ ಸೋಮವಾರದ ಕೆಳಗೂ ದುಂಡಗಿನ ಅಕ್ಷರದಲ್ಲಿ, ಹೊರಗಿನ ಒಲೆ, ಐದು ರೂಪಾಯಿ. ಆ ಸಾಲಿನ ಅರ್ಥ ಕೇಳಿದರು, ಹೇಳಿದೆ. ಯಾರು ಯಾವ ಪುಸ್ತಕಕ್ಕೆ ಸೇರಿದವರು ಎಂಬುದನ್ನು ಗುಲಾಬಕ್ಕನ ಎರಡು ಒಲೆಗಳೇ ಬೇರೆ ಮಾಡಿದ್ದವು. ಇಲ್ಲದ ಅತಿಥಿಯ ಹೆಸರಿನಲ್ಲಿ ಯಾರೂ ಐದು ರೂಪಾಯಿಯ ಕಟ್ಟಿಗೆ ಬರೆಯುವುದಿಲ್ಲ, ಇರುವ ಅತಿಥಿಯನ್ನು ಮುಚ್ಚಿಡುವವರೂ ಬರೆಯುವುದಿಲ್ಲ. ಅಧಿಕಾರಿಗಳು ಪುಸ್ತಕ ಮುಚ್ಚಿ, "ಈ ಬಿಲ್ಲು ಬರೆದಾಕಿ ಭಾಳ ಪ್ರಾಮಾಣಿಕ ಇದ್ದಾಳ" ಎಂದರು. ಲೆಕ್ಕ ಇದ್ದಂತೆಯೇ ಒಪ್ಪಿಕೊಂಡರು.

ಹೊರಗೆ ಬಂದ ಮೇಲೆ ಕಾಮತ್ ಸರ್, "ಆ ಐದು ರೂಪಾಯಿ ಸಾಲು ನೀನು ಬರೆಸಿದ್ದಾ?" ಎಂದು ಕೇಳಿದರು. ತೆಗೆಸಲು ನೋಡಿದ್ದೆ ಎಂದೆ. ಅವರು ರಸ್ತೆಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಊಟ ಉಳಿಯಿತು ಎಂದು ಗುಲಾಬಕ್ಕನಿಗೆ ಹೇಳಲು ಅದೇ ದಿನ ಹೋದೆ. ಅವಳು ಎರಡೂ ಕೈ ಸೆರಗಿಗೆ ಒರೆಸಿ ಸಮುದ್ರದ ಕಡೆ ತಿರುಗಿ ಕೈಮುಗಿದಳು. ಮೂಲ ತಪ್ಪು ನನ್ನದೇ ಎಂದು ಅವತ್ತಾದರೂ ಹೇಳಬೇಕಿತ್ತು. ಅವಳು ನನಗೂ ಕೈಮುಗಿಯಲು ಬಂದಾಗಲಂತೂ ಹೇಳಲೇಬೇಕಿತ್ತು. ಹೇಳಲಿಲ್ಲ. ಉಪಕಾರ ಮಾಡಿದವನಂತೆ ಕೂತು ಚಹಾ ಕುಡಿದು ಬಂದೆ. ಆಮೇಲೆ ಹಾರವಾಡಕ್ಕೆ ಹೋದಾಗಲೆಲ್ಲ ಅದು ಮನಸ್ಸಿನಲ್ಲಿ ಚುಚ್ಚುತ್ತಿತ್ತು.

ಎರಡು ಸಾವಿರದ ಒಂಬತ್ತರ ಬಜೆಟ್ಟಿನಲ್ಲಿ ಎಫ್‌ಬಿಟಿಯನ್ನು ತೆಗೆದುಹಾಕಿದರು. ಬಂದಷ್ಟೇ ಸದ್ದಿನಲ್ಲಿ ಹೋಯಿತು. ಅಷ್ಟರಲ್ಲಿ ಎಷ್ಟು ಆಫೀಸುಗಳಲ್ಲಿ ಎಷ್ಟು ಗುಮಾಸ್ತರು ಎಷ್ಟು ಚಹಾದ ಬಿಲ್ಲುಗಳನ್ನು ವಿಂಗಡಿಸಿದರೋ. ಸುದ್ದಿ ಹೇಳಲು ಹಾರವಾಡಕ್ಕೆ ಹೋದೆ. ಮಧ್ಯಾಹ್ನ ಎರಡು ಗಂಟೆ. ಗುಲಾಬಕ್ಕ ಜಗುಲಿಯ ಊಟ ಮುಗಿಸಿ ಬಂದಿದ್ದಳು. ಅವಳ ಖಾನಾವಳಿಯ ಬೆಂಚುಗಳಲ್ಲಿ ಲಾರಿಯವರು ಉಣ್ಣುತ್ತಿದ್ದರು.

"ಇನ್ನು ತಪೇಲಿ ದಾಟ್ಸೂದು ಬ್ಯಾಡ ಗುಲಾಬಕ್ಕಾ. ತೆರಿಗೆ ಹೋಯ್ತು. ಕೆಲ್ಸದವ್ರು ಇಲ್ಲೇ ಬಂದು ಉಣ್ಬಹುದು."

"ಬ್ಯಾಡ ಬ್ಯಾಡ. ಅವ್ರು ಅಲ್ಲೇ ಇರ್ಲಿ. ಅವ್ರು ಆಚೆ ಹೋದ್ಮೇಲೆ ಇಲ್ಲಿ ಜಾಗ ಆಯ್ತಲ್ಲ, ಲಾರಿಯವ್ರು ಬರೂಕೆ ಹತ್ತೀರು. ಈಗ ದಿವ್ಸಕ್ಕೆ ನಲ್ವತ್ತು ತಾಟು ಮೇಲೆ ಹೋತದೆ" ಎಂದಳು.

ನಾನು ತಾಟಿನ ಮುಂದೆ ಕೂತವನು ಅನ್ನಕ್ಕೆ ಕೈ ಹಾಕುವ ಮೊದಲೇ ಹೇಳಿಬಿಟ್ಟೆ. ಊಟ ನಿಲ್ಲುವ ಮಾತು ಬಂದದ್ದು ಸರ್ಕಾರದಿಂದಲ್ಲ, ನನ್ನಿಂದ. ಪುಸ್ತಕ ಪೂರ್ತಿ ಓದದೆ ದಾರಿ ಇಲ್ಲ ಎಂದು ಶೇಟರಿಗೆ ಹೇಳಿದವನು ನಾನು. ಇಷ್ಟು ವರ್ಷ ನಿನ್ನಿಂದ ಮುಚ್ಚಿಟ್ಟೆ.

ಗುಲಾಬಕ್ಕ ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ.

"ಗೊತ್ತದೆ. ನೀವು ಶೇಟ್ರ ಹತ್ರ ಒಪ್ಕಂಡ್ರಲ್ಲ, ಅವತ್ತೇ ಸಂಜಿಗೆ ಬಂದು ಹೇಳಿದ್ರು ಅವ್ರು."

"ಅವತ್ತೇ? ಮತ್ತೆ ನನ್ಗೆ ಒಂದು ಮಾತೂ ಹೇಳ್ಲಿಲ್ಲ ನೀನು!"

"ಬೈದೆ. ನೀವಿಲ್ದೆ ಇದ್ದಾಗ ಎರಡು ದಿವ್ಸ ಬಾಯ್ತುಂಬ ಬೈದೆ. ಮತ್ತೆ ನೀವು ಬಿಲ್ಲು ಬರಿಯೂಕೆ ಹೇಳ್ಕೊಡ್ತೆ ಅಂತ ಬಂದ್ರಿ. ಎದುರಿಗೇ ಬೈಯೂದು ಅಂತಿದ್ದೆ. ನೋಡ್ದ್ರೆ ಊಟದ ಹೊತ್ತು, ನೀವು ಹಸ್ಕಂಡು ಬಂದವ್ರು. ಉಂಡಾದ್ಮೇಲೆ ಬೈತೆ ಅಂದ್ಕಂಡೆ." ಸೌಟನ್ನು ಕೊಳಗಕ್ಕೆ ಹಾಕಿ ನನ್ನ ಕಡೆ ನೋಡಿದಳು. "ಬಡಿಸ್ತಾ ಬಡಿಸ್ತಾ ಸಿಟ್ಟು ಹೋಗ್ಬಿಡ್ತು. ನಾನಾದ್ರೂ ಎಂತ ಮಾಡ್ಲಿ? ಉಣ್ಣಿ ಈಗ, ತಣ್ಣಗಾತದೆ."

ತಾಟನ್ನು ಅವಳ ಕಡೆಗೆ ಸ್ವಲ್ಪ ಸರಿಸಿದೆ. ಅವಳು ಇನ್ನೊಂದು ಸೌಟು ಅನ್ನ ಹಾಕಿದಳು.